ಎದುರು ಮನೆ ಮಾಮ ತೋರಿಸಿದ ಅರ್ಧ ನಾಟಕ

ಮೊನ್ನೆ ಶುಕ್ರವಾರ ದೇವಸ್ಥಾನದಲ್ಲಿ ಪೂಜಾರಿ ಕೈಗೆ ಹಾಕಿದ ಹೂವಿನ ಪೊಟ್ಟಣಕ್ಕೆ ಬಾಳೆನಾರು ಸುತ್ತಿತ್ತು. ಈಗೆಲ್ಲ ಪ್ಲಾಸ್ಟಿಕ್ ಚೀಲದಲ್ಲೇ ಕೊಡುವುದು. ಅವತ್ತು ಚೀಲ ಮುಗಿದಿತ್ತೋ ಏನೋ. ಒದ್ದೆ ಬಾಳೆನಾರಿಗೆ ಒಂದು ಒಗರು ವಾಸನೆ ಇರುತ್ತದೆ, ಸ್ವಲ್ಪ ಕೊಳೆತದ್ದರ ಹಾಗೆ. ಅದು ಮೂಗಿಗೆ ಬಡಿದದ್ದೇ ತಡ, ಎದುರು ಮನೆ ಮಾಮ ನೆನಪಾದ. ದೇವರ ಮುಂದೆ ನಿಂತು ಯಾರನ್ನೂ ಬಯ್ಯಬಾರದು ಅಂತಾರೆ. ನಾನು ಬಯ್ದೆ, ಮನಸ್ಸಿನಲ್ಲೇ, ಚೆನ್ನಾಗಿ.

ವಯಸ್ಸಿಗೆ ಮರ್ಯಾದೆ ಕೊಟ್ಟು ‘ಅವರು’ ಅಂತ ಬರೆಯಬೇಕು. ಕೈ ಬರುತ್ತಿಲ್ಲ. ಎದುರಿಗೆ ಬಂದಾಗ ‘ನೀವು’ ಅಂದದ್ದೇ ಸಾಕು.

ನಮ್ಮದು ತಮಿಳು ಸೀಮೆಯ ಉತ್ತಮಪಾಳಯಂ. ನಮ್ಮವರು ಯಾವ ಕಾಲದಲ್ಲೋ ದನಕರು ಹೊಡೆದುಕೊಂಡು ಕನ್ನಡನಾಡಿನಿಂದ ಇತ್ತ ಬಂದು, ನೀರು ಕಂಡಲ್ಲಿ ನಿಂತವರು. ಯಾವ ಊರಿನಿಂದ ಬಂದೆವು ಅಂತ ಯಾರಿಗೂ ಗೊತ್ತಿಲ್ಲ. ಮಾತು ಮಾತ್ರ ಅಡುಗೆಮನೆಯಲ್ಲೂ ಕೊಟ್ಟಿಗೆಯಲ್ಲೂ ಉಳಿದುಕೊಂಡಿತು. ಓದು ತಮಿಳು, ಲೆಕ್ಕ ತಮಿಳು, ಕೋಯಿಲ್ ಮುಂದೆ ರಾತ್ರಿಯೆಲ್ಲ ಆಡುವ ಕೂತ್ತು ನಾಟಕವೂ ತಮಿಳು. ಮನೆಮಾತಿಗೆ ಒಂದು ಲಿಪಿ ಇದೆ ಅನ್ನುವುದೇ ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ.

ಎದುರು ಮನೆ ಮಾಮನಿಗೆ ಹನುಮಂತನಪಟ್ಟಿ ಕಡೆ ದ್ರಾಕ್ಷಿ ತೋಟವಿತ್ತು. ಅವನ ಹೆಸರು ಹಬ್ಬಿದ್ದು ದ್ರಾಕ್ಷಿಯಿಂದಲ್ಲ, ಹೂವು ಕೇಳುವುದರಿಂದ. ನಮ್ಮ ಕಡೆ ಯಾವುದಾದರೂ ಕೆಲಸ ಮಾಡುವುದೋ ಬಿಡುವುದೋ ಅಂತ ಅನುಮಾನ ಬಂದರೆ ಒಂದು ಪೊಟ್ಟಣದಲ್ಲಿ ಕೆಂಪು ಕಣಗಿಲೆ, ಇನ್ನೊಂದರಲ್ಲಿ ಬಿಳಿ ನಂದಿಬಟ್ಟಲು ಇಟ್ಟು, ನಾರು ಸುತ್ತಿ ಸಾಮಿ ಪಟದ ಮುಂದೆ ಹಾಕುತ್ತಾರೆ. ಯಾರಾದರೂ ಒಂದನ್ನು ಎತ್ತಿ ಬಿಚ್ಚಬೇಕು. ಬಂದ ಬಣ್ಣವೇ ಸಾಮಿಯ ಉತ್ತರ. ಮಾಮ ಇದಕ್ಕೆ ಬೀದಿಗೇ ಯಜಮಾನ. ಬೋರ್‌ವೆಲ್ ಎಲ್ಲಿ ಕೊರೆಸುವುದು, ದ್ರಾಕ್ಷಿ ಯಾರಿಗೆ ಕೊಡುವುದು, ಎಲ್ಲದಕ್ಕೂ ಜಗುಲಿ ಮೇಲೆ ಪೊಟ್ಟಣ ಕಟ್ಟುತ್ತಿದ್ದ. ಅವನ ಮಗಳು ಕಾಲೇಜು ಸೇರುತ್ತೇನೆ ಅಂದಾಗಲೂ ಕಟ್ಟಿದ. ಬಿಳಿ ಬಂತು, ಅಂದರೆ ಬೇಡ. ಹುಡುಗಿ ಮನೆಯಲ್ಲೇ ಉಳಿದಳು, ಆಮೇಲೆ ಚಿನ್ನಮನೂರಿಗೆ ಮದುವೆಯಾಗಿ ಹೋದಳು.

ಹೊಸಿಲು ದಾಟಿದರೆ ಮಾಮನ ಬಾಯಿಂದ ನಮ್ಮ ಮಾತು ಬರುತ್ತಿರಲಿಲ್ಲ. ಒಳಗೆ ಹೆಂಡತಿಯನ್ನು ಬಯ್ಯುವುದಕ್ಕೆ ನಮ್ಮ ಮಾತು, ಬೀದಿಗೆ ಇಳಿದರೆ ಶುದ್ಧ ತಮಿಳು. ಅದೂ ಪೇಪರ್ ಓದಿದ ಹಾಗೆ. “ಇದು ಮಾಡ್ಗೂ ಪೊಂಬಳೆಗಳ್ಗೂ ಸಾಕು, ತಾಯಿ. ನಾಕ್ ಜನದ್ ಮುಂದೆ ಆಡೋ ಮಾತಾ?” ಅಂತ ಒಮ್ಮೆ ನನಗೇ ಹೇಳಿದ್ದ. ದನಗಳನ್ನೂ ಹೆಂಗಸರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಅವನಿಗೆ ತಪ್ಪು ಅನ್ನಿಸಲೇ ಇಲ್ಲ.

ಅವನ ಹೆಂಡತಿಯನ್ನು ನಾನು ಅತ್ತೆ ಅನ್ನುತ್ತಿದ್ದೆ. ಅತ್ತೆಗೆ ತಮಿಳು ಬರುತ್ತಿತ್ತು, ಆದರೆ ನಗು, ಸಿಟ್ಟು, ಲೊಚಗುಟ್ಟುವುದು ಎಲ್ಲ ನಮ್ಮ ಮಾತಿನಲ್ಲೇ...

ನಾನು ಬಿ.ಎಡ್. ಮುಗಿಸಿ ಮನೆಯಲ್ಲಿದ್ದ ವರ್ಷ ನಮ್ಮ ಬೀದಿಯ ಬಾಳೆಕಾಯಿ ವ್ಯಾಪಾರಿಯ ಮಗನಿಗೆ ಬೆಂಗಳೂರಲ್ಲಿ ನೆಲೆಸಿದ ನಮ್ಮವರ ಹೆಣ್ಣು ಗೊತ್ತಾಯಿತು. ಮದುವೆ ಅಲ್ಲೇ. ನಾವು ಒಂದು ಬಸ್ಸು ತುಂಬ ಹೋದೆವು. ಮಾಮ ಹೊಸ ಅಂಗಿಯನ್ನು ಮನೆಯಲ್ಲೇ ಮರೆತಿದ್ದ, ಬಾಳೆನಾರನ್ನು ಮರೆತಿರಲಿಲ್ಲ. ಬೆಳಿಗ್ಗೆ ಮುಹೂರ್ತ ಮುಗಿಯಿತು. ನಮ್ಮ ಬಸ್ಸು ಹೊರಡುವುದು ಮರುದಿನ. ಸಂಜೆ ಎಲ್ಲರೂ ಒಂದೊಂದು ಕಡೆ ಸುತ್ತಲು ಹೊರಟರು. ಏನನ್ನೂ ಬಾಯಿಬಿಟ್ಟು ಕೇಳದ ಅತ್ತೆ ಅವತ್ತು ಕೇಳಿದಳು.

“ಈ ಊರಾಗೆ ನಮ್ ಮಾತ್ನಾಗೇ ನಾಟ್ಕ ಆಡ್ತಾರಂತೆ. ಒಂದ್ ತಡವೆ ನೋಡ್ಬುಟ್ ಓಗಣ.”

ಒಂದು ಸಲ, ಅಷ್ಟೇ. ಚಿಕ್ಕವಳಿದ್ದಾಗ ಅವಳ ಅವ್ವ ಹೇಳುತ್ತಿದ್ದಳಂತೆ, ಮೇಲುಗಡೆ ಒಂದು ಸೀಮೆಯಿದೆ, ಅಲ್ಲಿ ಪೊಲೀಸರೂ ನಮ್ಮ ಮಾತಲ್ಲೇ ಬಯ್ಯುತ್ತಾರೆ ಅಂತ. ಆ ಸೀಮೆಗೆ ಬಂದಾಗಿತ್ತು. ಇನ್ನೊಮ್ಮೆ ಬರುವುದಿಲ್ಲ ಅನ್ನುವುದೂ ಅವಳಿಗೆ ಗೊತ್ತಿತ್ತು.

ಮಾಮ ನಮ್ಮಿಬ್ಬರನ್ನೂ ಕರೆದುಕೊಂಡು ಬೀದಿಗೆ ಇಳಿದ. ಲಾಡ್ಜಿನ ಎದುರು ಗೋಡೆಯಲ್ಲಿ ಒಂದು ಪೋಸ್ಟರ್ ಇತ್ತು. ಅವನು ಕೈ ಹಿಂದೆ ಕಟ್ಟಿಕೊಂಡು ಅದರ ಮುಂದೆ ನಿಂತು, ತುಟಿ ಅಲ್ಲಾಡಿಸಿ, ತಲೆ ಆಡಿಸಿ, “ಪುರಾಣ ನಾಟ್ಕ. ಉನಕ್ಕು ಪುರಿಯಾದು” ಅಂದ. ನಿನಗೆ ಅರ್ಥ ಆಗಲ್ಲ ಅಂತ. ಲಾಡ್ಜಿನ ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದ. ಅದು ಮೂಲವ್ಯಾಧಿ ಚಿಕಿತ್ಸೆಯ ಜಾಹೀರಾತು ಅಂತ ಅವನು ತಮಿಳಿನಲ್ಲೇ ತಿಳಿಸಿದ. ಮಾಮನಿಗೆ ನಾಚಿಕೆ ಆಗಿದ್ದರೆ ನಾನೂ ಮರೆಯುತ್ತಿದ್ದೆ. ಅವನು ಮ್ಯಾನೇಜರನ್ನೇ ಮೇಲಿಂದ ಕೆಳಗೆ ನೋಡಿದ.

ಪಾಪ, ಆ ಮ್ಯಾನೇಜರ್ ಪೇಪರ್ ತೆಗೆದು ನೋಡಿ ಹೇಳಿದ. ಅವತ್ತು ಸಂಜೆ ಎರಡು ನಾಟಕ. ಒಂದು ಕನ್ನಡದ್ದು, ಆಟೋದಲ್ಲಿ ಹತ್ತು ನಿಮಿಷ. ಇನ್ನೊಂದು ಮದರಾಸಿನಿಂದ ಬಂದ ತಂಡದ ತಮಿಳು ಹಾಸ್ಯ ನಾಟಕ. ತಮಿಳು ನಾಟಕಕ್ಕೆ ಹೆಣ್ಣಿನ ಕಡೆಯ ಒಬ್ಬ ದೊಡ್ಡ ಮನುಷ್ಯ ಕಾರಿನಲ್ಲಿ ಹೋಗುವವನಿದ್ದ. ದ್ರಾಕ್ಷಿಯನ್ನು ಹೊರದೇಶಕ್ಕೆ ಕಳಿಸುವವನಂತೆ. ಅವನ ಪಕ್ಕದ ಕುರ್ಚಿಯಲ್ಲಿ ಕೂತು ತಾನೂ ಒಬ್ಬ ಮನುಷ್ಯ ಅನ್ನಿಸಿಕೊಳ್ಳಬೇಕು, ಅದೇ ಮಾಮನ ಹಂಬಲ. ಹಾಗಂತ ನೇರ ಹೇಳಿದ್ದರೆ ಏನಾಗುತ್ತಿತ್ತು? ಹೇಳುವುದಕ್ಕೂ ಒಂದು ಎದೆ ಬೇಕಲ್ಲ.

“ಪೂ ಕೇಳ್ಬುಡಣ” ಅಂದ.

ರೂಮಿನಲ್ಲಿ ಒಂದು ಕ್ಯಾಲೆಂಡರ್ ಇತ್ತು, ಅದರಲ್ಲಿ ಪೆರುಮಾಳ್ ಪಟ. ಮದುವೆ ಮಂಟಪದಿಂದ ಹೂವು ತಂದಿದ್ದ. ಬಿಳಿ ಬಂದರೆ ತಮಿಳು ನಾಟಕ, ಕೆಂಪು ಬಂದರೆ ನಮ್ಮ ಮಾತಿನದು. ನಮಗೆ ಬೆನ್ನು ತಿರುಗಿಸಿ ಮಂಚದ ಮೇಲೆ ಕೂತು ಪೊಟ್ಟಣ ಕಟ್ಟಿದ. ನಾಟಕ ನೋಡುವುದಕ್ಕೆ ದೇವರನ್ನು ಕೇಳುವ ಗಂಡಸನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ನಾನು ಎತ್ತಿ ಬಿಚ್ಚಿದೆ. ಬಿಳಿ.

“ಸಾಮಿ ಯೋಳ್ಬುಟ್ತು. ನಾ ಏನ್ ಮಾಡ್ಲಿ?” ಅಂದ, ಮುಖದಲ್ಲಿ ದುಃಖ ಬೇರೆ.

ಅತ್ತೆ ಕಿಟಕಿಯ ಹತ್ತಿರ ಸೀರೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ. “ಇನ್ನೊಂದ್ನೂ ಬಿಚ್ಚು ತಾಯಿ” ಅಂದಳು.

“ಕೂಡಾದು. ಎರಡ್ನೇದ ಬಿಚ್ಚಕೂಡಾದು. ಸಾಮಿ ಕುತ್ತಂ ಆಗ್ತದೆ.”

ದೇವರಿಗೆ ತಪ್ಪಾಗುತ್ತದೆ ಅಂತ ನಮ್ಮನ್ನೆಲ್ಲ ಅಷ್ಟು ವರ್ಷ ಹೆದರಿಸಿಟ್ಟಿದ್ದ. ನಾನು ಬಿಚ್ಚಿದೆ. ಅದರಲ್ಲೂ ಬಿಳಿಯೇ ಇತ್ತು.

ಅತ್ತೆ ಸೀರೆಯನ್ನು ಪೂರ್ತಿ ಮಡಿಸಿ ಚೀಲದೊಳಗೆ ಇಟ್ಟಳು. ಆಮೇಲೆ ಕೇಳಿದಳು, “ಮಗಳ್ ಓದ್ಗೂ ಇಂಗೇ ಕಟ್ಟಿದ್ರಾ?”

ಮಾಮ ಎದ್ದು ಕನ್ನಡಿ ನೋಡಿ ತಲೆ ಬಾಚಿಕೊಂಡ. “ಹೊರಡಿ” ಅಂದ. ಒಪ್ಪಿಕೊಂಡು ಬಂದದ್ದಲ್ಲ. ಇಬ್ಬರು ಹೆಂಗಸರನ್ನೇ ಆ ಊರಿನಲ್ಲಿ ಬಿಟ್ಟರೆ ಬೀದಿಯವರು ಏನಂದುಕೊಳ್ಳುತ್ತಾರೋ ಅಂತ ಬಂದದ್ದು.

ನಾವು ಹೋದ ಆ ಕನ್ನಡ ನಾಟಕದ ಹೆಸರು ನನಗೆ ಗೊತ್ತಿಲ್ಲ. ಹೊರಗೆ ಬೋರ್ಡು ಇತ್ತು, ಮೂವರಲ್ಲಿ ಯಾರಿಗೂ ಓದಲು ಬರಲಿಲ್ಲ. ಒಳಗೆ ಹತ್ತಿ ಜುಬ್ಬದವರು, ದೊಡ್ಡ ಬೊಟ್ಟಿನ ಹೆಂಗಸರು. ಅತ್ತೆ ಮದುವೆಯ ರೇಷ್ಮೆ ಸೀರೆಯಲ್ಲೇ ಬಂದಿದ್ದಳು, ತಲೆತುಂಬ ಮಲ್ಲಿಗೆ. ವೇದಿಕೆಯ ಮೇಲೆ ಒಂದು ಮನೆ, ಅದಕ್ಕೆ ಗೋಡೆಯಿಲ್ಲ, ಕದ ಮಾತ್ರ. ಮಾತು ಶುರುವಾಯಿತು. ಅರ್ಧ ನನಗೆ ತಿಳಿಯಲೇ ಇಲ್ಲ, ಅವರ ಕನ್ನಡ ಬೇರೆ, ಓಟ ಬೇರೆ. ಆದರೆ ನಡುನಡುವೆ ನಮ್ಮದೇ ಮಾತು ಬಂದು ಕಿವಿಗೆ ಬೀಳುತ್ತಿತ್ತು. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಳು. “ನಮ್ ಮಾತೇ ತಾಯಿ... ಮೈಕ್‌ನಾಗೆ” ಅಂದಳು.

ಸ್ವಲ್ಪ ಹೊತ್ತಿಗೆ ವೇದಿಕೆಗೆ ಒಬ್ಬ ಹೆಂಗಸು ಬಂದಳು, ಸೊಂಟದಲ್ಲಿ ಗಂಟು, ಕಾಲು ಎಳೆಯುತ್ತಾ. ಆ ಕದದ ಮುಂದೆ ನಿಂತು ತಟ್ಟಿದಳು. “ಒಳಗೆ ಯಾರಾದ್ರೂ ಇದೀರಾ?” ಅಂತ ಕೇಳಿದಳು.



“ಇದೀವಿ, ಬಾ” ಅಂದಳು ಅತ್ತೆ.

ಮೆಲ್ಲಗೆ ಅಂದದ್ದಲ್ಲ. ಹಿತ್ತಿಲಿನಿಂದ ನೆರೆಯವಳನ್ನು ಕರೆಯುವ ಹಾಗೆ, ದೊಡ್ಡ ದನಿಯಲ್ಲಿ. ಬೇರೆ ಯಾರಾದರೂ ಆಗಿದ್ದರೆ ಹುಚ್ಚಿ ಅನ್ನಬಹುದಿತ್ತು. ಆದರೆ ನಮ್ಮಲ್ಲಿ ಆ ಮಾತು ಯಾವತ್ತೂ ತೋರಿಕೆಗೆ ಆಡಿದ್ದಲ್ಲ. ರೇಡಿಯೋದಲ್ಲಿ ಬಂದದ್ದಿಲ್ಲ, ಮೀಟಿಂಗಿನಲ್ಲಿ ಕೇಳಿದ್ದಿಲ್ಲ. ಹುಟ್ಟಿದಾಗಿನಿಂದ ಯಾರಾದರೂ ಆ ಮಾತಾಡಿದರೆ ಅವರು ಮನೆಯವರು, ಆಡಿದ್ದು ನಮ್ಮ ಹತ್ತಿರವೇ. ದಣಿದ ಹೆಂಗಸೊಬ್ಬಳು ಕದ ತಟ್ಟಿ ನಮ್ಮ ಮಾತಲ್ಲಿ ಕೇಳುತ್ತಾಳೆ. ಸುಮ್ಮನೆ ಕೂರುವುದು ಹೇಗೆ?

ಜನ ತಿರುಗಿ ನೋಡಿ ನಕ್ಕರು. ಕೆಟ್ಟ ನಗುವಲ್ಲ. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ವೇದಿಕೆಯ ಹೆಂಗಸು ಕೂಡ ಒಂದು ಗಳಿಗೆ ನಮ್ಮ ಕಡೆ ಕಣ್ಣು ಹಾಯಿಸಿದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಾನೂ ನಗುತ್ತಿದ್ದಳು, ಅಷ್ಟು ಚಂದ ನಕ್ಕದ್ದನ್ನು ನಾನು ಮನೆಯಲ್ಲಿ ನೋಡಿರಲಿಲ್ಲ.

ಮಾಮ ಎದ್ದು ನಿಂತ. “ಎಳುಂದಿರಿ. ಮಾನಂ ಪೋಚ್ಚು” ಅಂದ. ಏಳು, ಮಾನ ಹೋಯಿತು, ಅಂತ. ಆ ಹೊತ್ತಿನಲ್ಲೂ ತಮಿಳೇ. ಅತ್ತೆಯ ರಟ್ಟೆ ಹಿಡಿದು ಸಾಲಿನಿಂದ ಎಳೆದ. ಯಾವ ಮಾನ? ಯಾರ ಹತ್ತಿರ? ಆ ಊರಿನಲ್ಲಿ ಅವನ ಗುರುತು ಹಿಡಿಯುವ ಒಂದು ನಾಯಿಯೂ ಇರಲಿಲ್ಲ. ಅತ್ತೆ ಬಾಗಿಲವರೆಗೂ ತಿರುಗಿ ತಿರುಗಿ ನೋಡಿದಳು. ವೇದಿಕೆಯ ಮೇಲೆ ಆ ಹೆಂಗಸು ಇನ್ನೂ ಕದದ ಹೊರಗೇ ನಿಂತಿದ್ದಳು. ನಾವು ನೋಡಿದ್ದು ಅಷ್ಟೇ...

ಊರಿಗೆ ಬಂದ ಮೇಲೆ ಮಾಮ ಜಗುಲಿಯಲ್ಲಿ ಕೂತು ಆ ನಾಟಕದ ಕಥೆ ಹೇಳಲು ಶುರುಮಾಡಿದ. ಹೂವು ಕೇಳಿಯೇ ಆರಿಸಿದ ನಾಟಕವಂತೆ. ಕೊನೆಯಲ್ಲಿ ಆ ಹೆಂಗಸಿನ ಮಗ ಕಲೆಕ್ಟರ್ ಆಗಿ ಬಂದು ಕದ ತೆಗೆಯುತ್ತಾನಂತೆ. ಮುಂದಿನ ತಿಂಗಳು ಅದೇ ಮಗ ಇನ್ಸ್‌ಪೆಕ್ಟರ್ ಆದ. ಮಾರ್ಕಯನ್‌ಕೋಟ್ಟೈ ಕಡೆಯ ನೆಂಟರಿಗೆ ಹೇಳುವಾಗ ಡಾಕ್ಟರ್. ಎದುರು ಜಗುಲಿಯಲ್ಲಿ ಅಕ್ಕಿ ಆರಿಸುತ್ತಾ ನಾನು ಕೇಳುತ್ತಿದ್ದೆ, ಮೈ ಉರಿಯುತ್ತಿತ್ತು. ಅತ್ತೆ ಒಳಗಿನಿಂದ ಒಂದು ಮಾತೂ ಆಡುತ್ತಿರಲಿಲ್ಲ. ಅವಳು ಕೇಳಿದ್ದು ನನ್ನ ಹತ್ತಿರ, ಹಿತ್ತಿಲಲ್ಲಿ, ರುಬ್ಬುವಾಗ.

“ಆ ಕದವ ಯಾರ್ ತೆಗ್ದಿರ್ತಾರೆ ತಾಯಿ?”

ಆ ಹೆಂಗಸಿನ ಅಣ್ಣ ತೆಗೆದಿರಬಹುದು ಅನ್ನುತ್ತಿದ್ದೆ. ಇನ್ನೊಂದು ದಿನ ಅತ್ತಿಗೆ. ಅವಳಿಗೆ ಯಾವುದೂ ಒಪ್ಪಿಗೆಯಾಗುತ್ತಿರಲಿಲ್ಲ. “ತೆಗ್ದೇ ಇದ್ರೆ?” ಅನ್ನುತ್ತಿದ್ದಳು. ಒಂದು ಸಂಜೆ, ಇನ್ನೂ ಒಂದು ಗಂಟೆ ಕೂತಿದ್ದರೆ ತಿಳಿಯುತ್ತಿದ್ದ ವಿಷಯ. ಅವಳು ಅದನ್ನು ಎಷ್ಟೋ ವರ್ಷ ಹೊತ್ತು ತಿರುಗಿದಳು. ಆ ನಾಟಕದ ಹೆಸರು ಹುಡುಕಬೇಕು ಅಂತಲೇ ನಾನು ಕನ್ನಡ ಅಕ್ಷರ ಕಲಿಯಲು ಕೂತದ್ದು. ಅಕ್ಷರ ಬಂತು. ಅಷ್ಟರಲ್ಲಿ ಅತ್ತೆ ಹೋಗಿಬಿಟ್ಟಿದ್ದಳು.

ಅತ್ತೆ ಹೋದ ಮೇಲೆ ಮಾಮನಿಗೆ ಇದ್ದಕ್ಕಿದ್ದ ಹಾಗೆ ನಮ್ಮ ಮಾತಿನ ಮೇಲೆ ಪ್ರೀತಿ ಉಕ್ಕಿತು. ಗಂಡುಮಕ್ಕಳು ತಮಿಳಲ್ಲೇ ಮಾತಾಡುವವರು, ಸೊಸೆಯಂದಿರು ಹೊರಗಿನವರು. ಜಗುಲಿ ಮೇಲಿಂದ, ಬೀದಿಗೆಲ್ಲ ಕೇಳುವ ಹಾಗೆ, “ಉಂಡ್ಯಾ ತಾಯಿ? ಏನ್ ಕೊಳಂಬು?” ಅಂತ ಊಟ, ಸಾರು ವಿಚಾರಿಸುತ್ತಾ ಕೂಗುತ್ತಿದ್ದ. ನಾನು ತಮಿಳಲ್ಲೇ ಉತ್ತರ ಕೊಡುತ್ತಿದ್ದೆ, ಬೇಕಂತಲೇ. ನಾಲ್ಕು ಜನರ ಮುಂದೆ ಆಡುವ ಮಾತಲ್ಲವಲ್ಲ.

ಕಳೆದ ಮಾರ್ಗಳಿ ತಿಂಗಳ ಚಳಿಯಲ್ಲಿ ಅವನು ಹಾಸಿಗೆ ಹಿಡಿದ. ಸೊಸೆ ಕೆಲಸಕ್ಕೆ ಹೋಗುತ್ತಾಳೆ ಅಂತ ನಮ್ಮ ಅವ್ವ ಗಂಜಿ ಕೊಟ್ಟು ಕಳಿಸಿದಳು. ಎರಡು ಕೈಯಲ್ಲೂ ಬಿಸಿ ಪಾತ್ರೆ, ಕದ ಮುಂದಕ್ಕೆ ಹಾಕಿತ್ತು. ಯೋಚಿಸದೆ ಕೂಗಿದೆ, ನಮ್ಮ ಮಾತಲ್ಲೇ, “ಒಳಗೆ ಯಾರಾದ್ರೂ ಇದೀರಾ?”

ಒಳಗಿನಿಂದ ಒಡಕು ದನಿ ಬಂತು. “ಇದೀವಿ, ಬಾ.”

ಮನೆಯಲ್ಲಿ ಅವನೊಬ್ಬನೇ ಇದ್ದದ್ದು. ‘ಇದೀವಿ’ ಅಂದ. ನಾನು ಪಾತ್ರೆ ಹಿಡಿದು ಅಲ್ಲೇ ನಿಂತೆ. ಒಳಗೆ ಹೋದಾಗ ಅವನು ಗೋಡೆ ಕಡೆ ತಿರುಗಿ ಮಲಗಿದ್ದ, ಹೆಗಲು ಅಲುಗುತ್ತಿತ್ತು. ಇದನ್ನು ಓದಿ ನನ್ನ ಮನಸ್ಸು ಕರಗಿತು ಅಂದುಕೊಳ್ಳಬೇಡಿ. ನನಗೆ ಇನ್ನೂ ಸಿಟ್ಟು ಬಂತು. ಆ ಎರಡು ಮಾತು ಅವನ ಕಿವಿಯಲ್ಲಿ ಅಷ್ಟು ವರ್ಷವೂ ಇತ್ತು. ಕಲೆಕ್ಟರ್, ಇನ್ಸ್‌ಪೆಕ್ಟರ್ ಅಂತ ಕಥೆ ಕಟ್ಟುವಾಗಲೂ ಇತ್ತು. ಅವಳು ಬದುಕಿದ್ದಾಗ ಒಂದು ದಿನ, ಒಂದೇ ದಿನ, ಅವಳಿಗೆ ಕೇಳುವ ಹಾಗೆ ಹೇಳಬಹುದಿತ್ತು. ಗಂಜಿ ಕುಡಿಸಿ, ಬಾಯಿ ಒರೆಸಿ ಬಂದೆ. ಪೊಂಗಲ್‌ಗೆ ಮೊದಲೇ ಹೋದ.

ಮೊನ್ನೆ ದೇವಸ್ಥಾನದಿಂದ ಬರುವಾಗ ಆ ಪೊಟ್ಟಣ ಕೈಯಲ್ಲೇ ಇತ್ತು. ನಮ್ಮ ಬೀದಿಯಲ್ಲಿ ಈಗ ನನ್ನ ಹತ್ತಿರ ಆ ಮಾತಾಡುವವರು ಅವ್ವನೊಬ್ಬಳೇ, ಅವಳಿಗೆ ಕಿವಿ ಕೇಳುವುದಿಲ್ಲ. ಆ ಮನುಷ್ಯನನ್ನು ಬಯ್ಯಬೇಕೆಂದರೂ ಆ ಮಾತಿನಲ್ಲಿ ಕೇಳಿಸಿಕೊಳ್ಳಲು ಅವನೂ ಇಲ್ಲ. ಎದುರು ಮನೆಯ ಕದ ಅರ್ಧ ತೆರೆದಿತ್ತು. ಯಾಕೆ ನಿಂತೆನೋ ಗೊತ್ತಿಲ್ಲ. ನಾನು ಮೆಲ್ಲಗೆ ಕರೆದೆ, “ಒಳಗೆ ಯಾರಾದ್ರೂ ಇದೀರಾ?”

ಸೊಸೆ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. “ಎನ್ನಕ್ಕಾ ಸೊನ್ನೀಂಗ?” ಅಂದಳು. ಏನಕ್ಕಾ ಹೇಳಿದ್ದು, ಅಂತ.

“ಒಣ್ಣುಮಿಲ್ಲಮ್ಮಾ” ಅಂದೆ, ಏನೂ ಇಲ್ಲ ಅಂತ. ಅವಳ ಕೈಗೆ ಹೂವಿನ ಪೊಟ್ಟಣ ಕೊಟ್ಟು ಮನೆಗೆ ಬಂದೆ.