ಮಲ್ಲಮ್ಮ ಕಂಡ ಜೋಳದ ಎಲೆ

ಮೊನ್ನೆ ರಾಯಚೂರಿನ ಬಸ್ ನಿಲ್ದಾಣದ ಹೊರಗೆ ಹೆಂಗಸೊಬ್ಬಳು ಸೀತನಿ ಮಾರುತ್ತಿದ್ದಳು. ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉಜ್ಜಿದ ಆ ವಾಸನೆಗೆ ಯಾರಿಗಾದರೂ ಬಾಯಲ್ಲಿ ನೀರೂರಬೇಕು. ನನಗೆ ಸಿಟ್ಟು ಬಂತು. ನಗಬೇಡಿ. ಜೋಳ ಕಂಡರೆ ಸಿಟ್ಟಿಗೇಳುವವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬಹುದು, ಆದರೆ ಕಾರಣ ಕೇಳಿದರೆ ನಿಮಗೂ ಬರುತ್ತದೆ.

ದೇವದುರ್ಗದಲ್ಲಿ ಒಂಬತ್ತನೆಯ ತರಗತಿ ಓದುವಾಗ ನನ್ನ ಬೆಂಚಿನಲ್ಲಿ ಮಲ್ಲಮ್ಮ ಕೂರುತ್ತಿದ್ದಳು. ಕುರಿ ಸಾಕುವವರ ಮನೆಯ ಹುಡುಗಿ, ಜಾಲಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದಳು. ನಮ್ಮ ಶಾಲೆಯಲ್ಲಿ ಒಂದು ಸೂಕ್ಷ್ಮದರ್ಶಕ ಇತ್ತು. ಇತ್ತು ಅಷ್ಟೆ, ಬೀರುವಿನಲ್ಲಿ, ಹಸಿರು ಬಟ್ಟೆ ಹೊದ್ದುಕೊಂಡು. ಮಕ್ಕಳು ಮುಟ್ಟಿದರೆ ಕೆಡುತ್ತದಂತೆ! ಜೀವಕೋಶ, ಅದರ ಗೋಡೆ, ಕೋಶಕೇಂದ್ರ ಎಲ್ಲವನ್ನೂ ನಾವು ಬೋರ್ಡಿನ ಮೇಲೆ ಬಳಪದಲ್ಲೇ ಕಂಡವರು. ಒಂದು ದಿನ ತಪಾಸಣೆಗೆ ಸಾಹೇಬರು ಬರುವವರಿದ್ದರು. ಅವರಿಗೆ ತೋರಿಸಲಿಕ್ಕೆ ಅದು ಹೊರಗೆ ಬಂತು.

ಪಾಠ ಪತ್ರರಂಧ್ರಗಳದು. ಎಲೆ ಉಸಿರಾಡುವ ಸಣ್ಣ ಕಂಡಿಗಳವು. ಒಂದೊಂದು ಕಂಡಿಗೂ ಎರಡು ಕಾವಲು ಕೋಶ. ಕಂಡಿ ತೆರೆಯುವುದು, ಮುಚ್ಚುವುದು, ಅದೇ ಅವುಗಳ ಕಸುಬು. ವಿಜ್ಞಾನದ ಸರ್ ಬೋರ್ಡಿನ ಮೇಲೆ ಅವರೆಕಾಳಿನಂಥ ಎರಡು ಕೋಶ ಎದುರುಬದುರು ಬರೆದಿದ್ದರು. ಯಾವುದಾದರೂ ಎಲೆ ತನ್ನಿ ಎಂದಿದ್ದರಿಂದ ಮಲ್ಲಮ್ಮ ಹೊಲದ ಜೋಳದ ಎಲೆ ತಂದಿದ್ದಳು. ತೆಳ್ಳಗೆ ಸಿಪ್ಪೆ ಸುಲಿದು, ಗಾಜಿನ ಮೇಲಿಟ್ಟು ನೋಡಿ, ಕಂಡದ್ದನ್ನು ಬರೆದಳು. ನಡು ಸಣ್ಣ, ಎರಡೂ ತುದಿ ಉಬ್ಬಿದ ಕೋಶಗಳು.

"ಇದೇನು, ಎಲುಬು ಬರದಿಯೇನು?" ಎಂದರು ಸರ್. "ಅವರಿಕಾಳಿನಂಗ ಇರಬೇಕು."

"ಇದರಾಗ ಹಂಗಿಲ್ರಿ ಸರ್. ನೀವ ನೋಡ್ರಿ."

ನೋಡಲಿಲ್ಲ. ಸ್ವಲ್ಪ ಬಾಗಿ ಒಂದು ಕಣ್ಣು ಇಡುವಷ್ಟು ಕೆಲಸ, ಅದನ್ನೂ ಮಾಡಲಿಲ್ಲ. ಅವಳ ಚಿತ್ರದ ಮೇಲೆ ಕೆಂಪು ಗೀಟು ಎಳೆದು, "ಕುರಿ ಕಾಯೋರಿಗೆ ಇದೆಲ್ಲ ಯಾಕ ಬೇಕು?" ಎಂದರು. ತರಗತಿ ನಕ್ಕಿತು.

"ನಾ ನೋಡಿದ್ದು ಖರೇನ ಅದರೀ," ಎಂದಳು ಮಲ್ಲಮ್ಮ.

ಎದುರುತ್ತರ ಕೊಟ್ಟಳೆಂದು ಹೊರಗೆ ನಿಲ್ಲಿಸಿದರು. ಸಾಹೇಬರು ಬಂದರು, ಬೋರ್ಡಿನ ಅವರೆಕಾಳು ನೋಡಿ ತಲೆದೂಗಿದರು, ಚಹಾ ಕುಡಿದು ಹೋದರು.

ಹತ್ತನೆಯ ತರಗತಿ ಮುಗಿದಾಗ ಅವಳಪ್ಪ ಕಾಲೇಜಿಗೆ ಕಳಿಸಲು ತಯಾರಿದ್ದ. ಅವಳೇ "ಸೈನ್ಸ್ ಒಲ್ಲೆ" ಎಂದು ಹೊಲಿಗೆ ಕಲಿಯಲು ಹೋದಳು. ನಾನು ರಾಯಚೂರಿಗೆ ಬಂದು ಬಿ.ಎಸ್ಸಿ. ಸೇರಿದೆ. ಒಂದು ದಿನ ಪುಸ್ತಕ ತೆರೆದರೆ, ಎಡಕ್ಕೆ ಅವರೆಕಾಳಿನಂಥ ಕೋಶ. ಬಲಕ್ಕೆ, ಜೋಳ, ಭತ್ತ, ಹುಲ್ಲಿನ ಜಾತಿಯಲ್ಲೆಲ್ಲ ಹೀಗಿರುತ್ತದೆಂದು, ಮಲ್ಲಮ್ಮನ ಚಿತ್ರ! ಮೈಯೆಲ್ಲ ಉರಿಯಿತು. ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ದೇವದುರ್ಗದ ಬಸ್ ಹತ್ತಿದೆ.

ಸರ್ ಚಿತ್ರ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಕಾಲೇಜ್ ಸಿಲೆಬಸ್ ಅದವಾ. ಹೈಸ್ಕೂಲಿಗೆ ಬರಂಗಿಲ್ಲ," ಎಂದರು. ಇಷ್ಟೇ. ಅಲ್ಲಿಂದ ಜಾಲಹಳ್ಳಿಗೆ ಹೋದರೆ ಮಲ್ಲಮ್ಮನ ಮನೆಗೆ ಬೀಗ. ಕುರಿ ಹೊಡೆದುಕೊಂಡು ಎಲ್ಲರೂ ಎತ್ತಲೋ ಹೋಗಿದ್ದರು. ಅವಳ ಮದುವೆಯಾಯಿತೆಂದು ಪಕ್ಕದ ಮನೆಯವರು ಹೇಳಿದರು. ಯಾವ ಊರೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಈಚೆಗೆ ಗುಂಜಹಳ್ಳಿಯ ಮದುವೆಯೊಂದರಲ್ಲಿ ಅವಳ ಸಂಬಂಧಿಕರು ಸಿಕ್ಕಿ ನಂಬರು ಕೊಟ್ಟಿದ್ದರು. ಮೊನ್ನೆ ಆ ಸೀತನಿಯ ಬುಟ್ಟಿಯ ಎದುರು ನಿಂತೇ ಫೋನ್ ಹಚ್ಚಿದೆ. ಇಷ್ಟನ್ನೂ ಹೇಳಿದೆ. ಆಚೆಯಿಂದ ಕೇಳುತ್ತಿದ್ದ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಸರ್‌ಗೆ ತೋರಿಸಿದೇನು?"

"ತೋರಿಸಿದೆ. ಹೈಸ್ಕೂಲ್ ಸಿಲೆಬಸ್‌ನಾಗ ಇಲ್ಲ ಅಂದ್ರು."

"ಮತ್ತ ನಮ್ಮ ಹೊಲದ ಜೋಳ ಯಾವ ಸಿಲೆಬಸ್ ಓದಿತ್ತಂತ?"

ನನಗೆ ನಗು ಬಂತು. ಅವಳು ನಗಲಿಲ್ಲ.

ನಾನೀಗ ಮಾನ್ವಿಯ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. "ನಮ್ಮ ಸಾಲಿಗೆ ಬಾರೇ, ಮಲ್ಲಿ," ಎಂದೆ. ನಿನ್ನೆ ಬಂದಳು, ಎಲೆಯನ್ನು ತಾನೇ ತಂದಿದ್ದಳು. ಸಿಪ್ಪೆಯನ್ನೂ ತಾನೇ ಸುಲಿದಳು, ನನ್ನ ಕೈ ಹಚ್ಚಗೊಡಲಿಲ್ಲ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಳು. ನನ್ನ ಹುಡುಗಿಯರು ಸುತ್ತ ಮುತ್ತಿಕೊಂಡರು.

"ಅಕ್ಕಾ, ಸರೀರಿ. ನಾವೂ ನೋಡ್ತೀವಿ," ಎಂದು ಒಬ್ಬಳು ಅವಸರ ಮಾಡಿದಳು.

"ತಡೀರವ್ವಾ," ಎಂದಳು ಮಲ್ಲಮ್ಮ, ತಲೆ ಎತ್ತದೆ. "ನಂದಿನ್ನಾ ಮುಗದಿಲ್ಲ."

ಗಂಟೆ ಹೊಡೆಯಿತು. ಮುಂದಿನ ಪಾಠದವರು ಒಳಗೆ ಬಾರದಂತೆ ನಾನು ಹೋಗಿ ತರಗತಿಯ ಬಾಗಿಲು ಮುಂದಕ್ಕೆಳೆದೆ.