ಭಾವನವರ ನೀರೆಣಿಸುವ ಮೆಷಿನ್ನು

ನಮ್ಮ ಭಾವನವರು, ಅಂದರೆ ನನ್ನ ಗಂಡನ ಅಣ್ಣ, ಬೀದಿಯವರಿಗೆಲ್ಲ ರೇಡಿಯೋ ಡಾಕ್ಟ್ರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಆ ಕೋಣೆ ಗುಡಿಸಲು ಹೋಗಿ, ಕಸದ ಜೊತೆಗೆ ಅವರ ಸ್ಕ್ರೂಗಳನ್ನೂ ಬುಟ್ಟಿಗೆ ಹಾಕಿಬಿಟ್ಟಿದ್ದೆ. ಬೇರೆ ಯಾರಾದರೂ ಆಗಿದ್ದರೆ ರಂಪ ಮಾಡುತ್ತಿದ್ದರು. ಇವರು ಬುಟ್ಟಿಯನ್ನು ಹಳೇ ಪೇಪರಿನ ಮೇಲೆ ಸುರಿದುಕೊಂಡು ಒಂದೊಂದಾಗಿ ಆರಿಸಿ, "ಹದಿನಾರು ಸಿಕ್ತಮ್ಮಾ, ಹದಿನೇಳನೇದು ನಿನ್ನ ಪಾಲಿಗಿರಲಿ" ಅಂದರು. ಬೆಸುಗೆ ಹಾಕುವಾಗ ಏಳುತ್ತಿದ್ದ ಆ ಹೊಗೆಯ ವಾಸನೆ ಈಗಲೂ ಎಲ್ಲಾದರೂ ಬಂದರೆ ನಾನು ಹೋಗುತ್ತಿರುವ ಕೆಲಸ ಮರೆತು ನಿಂತುಬಿಡುತ್ತೇನೆ.

ಮಾವನವರಿಗೆ ಮಾತ್ರ ಈ ಮಗನ ಕೆಲಸವೆಂದರೆ ತಾತ್ಸಾರ. ಅವರು ಮೂವತ್ತು ವರ್ಷ ಊರಿಗೆ ನೀರು ಬಿಟ್ಟವರು. ಯಾವ ಬೀದಿಯ ವಾಲ್ವ್ ಎಷ್ಟು ಹೊತ್ತಿಗೆ ತೆಗೆಯಬೇಕು, ಎಷ್ಟು ಹೊತ್ತಿಗೆ ಮುಚ್ಚಬೇಕು ಅನ್ನುವುದರಲ್ಲಿ ಒಂದು ನಿಮಿಷ ಆಚೀಚೆ ಮಾಡಿದವರಲ್ಲ. ಮಗನನ್ನೂ ಅದೇ ಕೆಲಸಕ್ಕೆ ಸೇರಿಸಬೇಕೆಂದಿದ್ದರು. ಮಗ ರೇಡಿಯೋ ಹಿಡಿದು ಕೂತ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಬೀದಿಗೆಲ್ಲ ಡಾಕ್ಟ್ರಾದವರು ಅಪ್ಪನ ಬಾಯಲ್ಲಿ ಆಟದ ಸಾಮಾನಿನವನು.

ಆ ಬೇಸಿಗೆಯಲ್ಲಿ ನಲ್ಲಿಗೆ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಭಾವನವರು ತಾರಸಿಯ ಟ್ಯಾಂಕಿಗೆ ತೂತು ಕೊರೆದು, ವೈರು ಇಳಿಸಿ, ಅಡುಗೆಮನೆಯಲ್ಲಿ ಮೂರು ಪುಟ್ಟ ದೀಪ ಕೂರಿಸಿದ್ದರು. ತುಂಬಿದ್ದರೆ ಹಸಿರು, ಅರ್ಧವಾದರೆ ಹಳದಿ, ತಳ ಕಂಡರೆ ಕೆಂಪು. ನನಗಂತೂ ಅದನ್ನು ಅಕ್ಕಪಕ್ಕದವರಿಗೆ ತೋರಿಸುವುದೇ ಒಂದು ಸಡಗರ. ಆದರೆ ಬರಬರುತ್ತಾ ಎರಡನೇ ದಿನ ಬೆಳಗಾಗುವಷ್ಟರಲ್ಲಿ ಕೆಂಪು ಉರಿಯತೊಡಗಿತು. ಕೆಂಪು ಕಂಡಾಗಲೆಲ್ಲ ಮಾವನವರ ಕಣ್ಣು ಮಹಡಿಯ ಕಡೆಗೆ ಹೋಗುತ್ತಿತ್ತು.

ಮಹಡಿಯಲ್ಲಿ ಟೈಲರಮ್ಮ ಬಾಡಿಗೆಗಿದ್ದಳು. ಗಂಡನಿಲ್ಲ, ಇಬ್ಬರು ಹೆಣ್ಣುಮಕ್ಕಳು. ಗಿರಾಕಿಗಳೆಲ್ಲ ಇದೇ ಬೀದಿಯವರು. "ನೀರಿನ ಬೆಲೆ ಗೊತ್ತಿಲ್ಲದೋರು ನನ್ನ ಮನೇಲಿ ಬೇಡ. ಬರೋ ತಿಂಗಳು ಖಾಲಿ ಮಾಡಿಸ್ತೀನಿ" ಅಂದರು ಮಾವ. ಸುಳ್ಳೇಕೆ ಹೇಳಲಿ, "ಹೌದು ಮಾವ, ದಿನಾ ಬಟ್ಟೆ ಒಗೀತಾರೆ" ಅಂತ ಉರಿಯುವ ಒಲೆಗೆ ಕಟ್ಟಿಗೆ ಇಟ್ಟವಳು ನಾನೇ. ನನ್ನ ನಾಲಿಗೆಗೆ ಆಗಲೂ ಎಲುಬಿರಲಿಲ್ಲ.

ಭಾವನವರು, "ಒಂದು ವಾರ ಕೊಡಿ ಅಪ್ಪಾ, ಅಳೆದು ಹೇಳ್ತೀನಿ" ಅಂದರು.

ಟ್ಯಾಂಕಿನಿಂದ ಇಳಿಯುವ ಪೈಪು ಮೂರು: ಮಹಡಿಗೊಂದು, ಅಡುಗೆಮನೆಗೊಂದು, ಮಾವನವರ ಕೋಣೆಯ ಪಕ್ಕದ ಬಚ್ಚಲಿಗೊಂದು. ಮೂರರೊಳಗೂ ಒಂದೊಂದು ಪ್ಲಾಸ್ಟಿಕ್ ಚಕ್ರ, ಚಕ್ರಕ್ಕೊಂದು ಅಕ್ಕಿಕಾಳಿನಷ್ಟು ಅಯಸ್ಕಾಂತ. ಪೈಪಿನ ಹೊರಗೆ ಗಾಜಿನ ಪುಟ್ಟ ಸ್ವಿಚ್ಚು. ಅಯಸ್ಕಾಂತ ಹತ್ತಿರ ಬಂದಾಗಲೆಲ್ಲ ಅದರೊಳಗಿನ ತಂತಿಗಳು ಕೂಡಿಕೊಳ್ಳುತ್ತವೆ. ಒಂದೊಂದರ ವೈರನ್ನೂ ಅಂಗಡಿಗೆ ತಂದು ಒಂದೊಂದು ಹಳೇ ಕ್ಯಾಲ್ಕ್ಯುಲೇಟರಿನ ಗುಂಡಿಗೆ ಬೆಸೆದರು. ಚಕ್ರ ಒಂದು ಸುತ್ತು ಬಂದರೆ ಯಾರೂ ಮುಟ್ಟದೆಯೇ ಅಲ್ಲಿ ಒಂದು ಕೂಡುತ್ತದೆ! ಒಂದು ಬಕೆಟ್ಟಿಗೆ ಎಷ್ಟು ಸುತ್ತು ಅಂತ ನೋಡಲು ನನ್ನಿಂದ ಇಪ್ಪತ್ತು ಸಲ ಬಕೆಟ್ ತುಂಬಿಸಿದರು. ಸೊಂಟ ಬಿದ್ದುಹೋಯಿತು, ಆದರೂ ಅಂಥ ಖುಷಿ ನಾನು ಮತ್ತೆ ಕಾಣಲಿಲ್ಲ.

ಗುರುವಾರ ಮಧ್ಯಾಹ್ನ ಅವರಿಗೆ ಕಾಫಿ ಕೊಡಲು ಹೋಗಿದ್ದೆ. ಬಚ್ಚಲಿನ ಕ್ಯಾಲ್ಕ್ಯುಲೇಟರ್ ಓಡುತ್ತಲೇ ಇತ್ತು. ಐದು ನಿಮಿಷವಾದರೂ ನಿಲ್ಲಲಿಲ್ಲ. ಇಬ್ಬರೂ ಹೋಗಿ ನೋಡಿದೆವು. ಬಕೆಟ್ ತುಂಬಿ ಹರಿಯುತ್ತಿತ್ತು. ಮಾವ ಕೋಣೆಯಲ್ಲಿ ಒಣ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಕೂತಿದ್ದರು.

"ಅಪ್ಪಾ, ಸ್ನಾನ ಆಯ್ತಾ?"

"ಆಗ್ಲೇ ಆಯ್ತಲ್ಲೋ."

ಭಾವನವರು ಹೋಗಿ ನಲ್ಲಿ ನಿಲ್ಲಿಸಿದರು. ಶುಕ್ರವಾರವೂ ಹಾಗೇ ಆಯಿತು, ಶನಿವಾರ ಎರಡು ಸಲ. ಮಹಡಿಯವರು ಬಳಸುತ್ತಿದ್ದದ್ದು ದಿನಕ್ಕೆ ಏಳೇ ಬಕೆಟ್. ನನಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಭಾನುವಾರ ಮಾವ ಟೈಲರಮ್ಮನನ್ನು ಕೆಳಗೆ ಕರೆಸಿದರು. ಅವಳು ಸೆರಗು ಹಿಂಡುತ್ತಾ ಬಾಗಿಲ ಹತ್ತಿರ ನಿಂತಳು. ಮಾವ, "ನೋಡಮ್ಮಾ, ನಾನು ಹೇಳಿದ್ರೆ ಮುದುಕ ಅಂತೀಯ. ಇದು ನನ್ನ ಮಗ ಕೈಯಾರೆ ಮಾಡಿದ ಮೆಷಿನ್ನು. ಇದು ಸುಳ್ಳು ಹೇಳಲ್ಲ. ನೀರಿನ ಕೆಲಸ ನನ್ನ ಜೊತೆಗೇ ಮುಗೀತು ಅಂದ್ಕೊಂಡಿದ್ದೆ, ಇವನಿಗೂ ಬಂದಿದೆ" ಅಂದರು.

ನಲವತ್ತು ವರ್ಷದ ಮಗನ ಮುಖ ಕಿವಿಯವರೆಗೆ ಕೆಂಪಾಯಿತು. ಆ ಒಂದು ಮಾತಿಗಾಗಿ ಆ ಮನುಷ್ಯ ಎಷ್ಟು ವರ್ಷ ಕಾದಿದ್ದರೋ. ನಿಜ ಹೇಳಿದರೆ ಅಪ್ಪನ ಮಾನ ಹೋಗುತ್ತದೆ, ಹೇಳದಿದ್ದರೆ ಟೈಲರಮ್ಮನ ಮನೆ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

"ಇವರದೇನೂ ತಪ್ಪಿಲ್ಲಪ್ಪಾ" ಅಂದರು ಭಾವ. "ದೀಪ ಕೂರಿಸೋಕೆ ಟ್ಯಾಂಕಿಗೆ ತೂತು ಹೊಡೆದಿದ್ನಲ್ಲ, ಅದು ನನಗೆ ಸರಿಯಾಗಿ ಮುಚ್ಚೋಕೆ ಬರಲಿಲ್ಲ. ನೀರೆಲ್ಲ ಅಲ್ಲೇ ಸೋರ್ತಿದೆ. ಈ ಮೆಷಿನ್ನೂ ಅಷ್ಟೇ, ಲೆಕ್ಕ ಸರಿಯಾಗಿ ಬರ್ತಿಲ್ಲ."

ದಿನಾ ಆ ಟ್ಯಾಂಕಿನ ಬುಡದಲ್ಲೇ ಬಟ್ಟೆ ಒಣಗಿಸುತ್ತಿದ್ದವಳು ನಾನು. ಅಲ್ಲಿ ಒಂದು ಹನಿ ಬಿದ್ದದ್ದನ್ನು ಕಂಡಿಲ್ಲ. ಮಾವನವರಿಗೆ ಮೆಟ್ಟಿಲು ಹತ್ತಲು ಮಂಡಿ ಬಿಡುತ್ತಿರಲಿಲ್ಲ.

ಮಾವ ಮೊದಲು ಮಗನನ್ನೇ ನೋಡಿದರು. ಆಮೇಲೆ, "ಕೋತಿ ತಾನು ಕೆಡೋದಲ್ಲದೆ ವನಾನೂ ಕೆಡಿಸ್ತಂತೆ! ನಾಲ್ಕು ಜನರ ಮುಂದೆ ಹೊಗಳಿದ್ನಲ್ಲ, ನನಗೆ ಬುದ್ಧಿ ಇಲ್ಲ" ಅಂತ ಗುಡುಗಿದರು. ಟೈಲರಮ್ಮನಿಗೆ, "ನೀನು ಹೋಗಮ್ಮಾ, ಇರು ಇಲ್ಲೇ" ಅಂದರು.

ಭಾವನವರು ಮೆಷಿನ್ನನ್ನು ಅವತ್ತೇ ಕಿತ್ತರು. ಬಚ್ಚಲಿನ ಪೈಪಿನದನ್ನು ಮಾತ್ರ ಬಿಟ್ಟು, ಅದಕ್ಕೊಂದು ಬಜರ್ ಜೋಡಿಸಿ ತಮ್ಮ ಮೇಜಿನ ಅಡಿಗೆ ಕಟ್ಟಿಕೊಂಡರು. ನೀರು ಐದು ನಿಮಿಷ ಬಿಡದೆ ಹರಿದರೆ ಅದು ಗುಂಯ್ ಅನ್ನುತ್ತಿತ್ತು. ಯಾರ ರೇಡಿಯೋ ಬಿಚ್ಚಿಕೊಂಡು ಕೂತಿದ್ದರೂ ಹಾಗೇ ಬಿಟ್ಟು ಎದ್ದು ಹೋಗುತ್ತಿದ್ದರು. ಹೀಗೆ ಮೂರು ವರ್ಷ ನಡೆಯಿತು. ಬಂದವರ ಮುಂದೆಲ್ಲ ಮಾವ ಆ ತೂತಿನ ಕಥೆ ಹೇಳಿ ನಗುತ್ತಿದ್ದರು, ಭಾವನವರೂ ಜೊತೆಗೆ ನಗುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ: "ನಿಮಗೆ ಕೆಲಸ ಬರಲ್ಲ ಅಂತ ಊರಿಗೆಲ್ಲ ಹೇಳ್ತಾರೆ. ಒಂದು ಸಲನಾದ್ರೂ ನಿಜ ಹೇಳಬಾರದಾ ಭಾವ?"

"ಹೇಳಿದ್ರೆ ಅಪ್ಪ ನಲ್ಲಿ ಮುಟ್ಟೋದನ್ನೇ ಬಿಟ್ಟುಬಿಡ್ತಾರಮ್ಮಾ" ಅಂದರು.

ಮಾವನವರು ತೀರಿಕೊಂಡ ದಿನ ಅವರ ಜೊತೆ ಕೆಲಸ ಮಾಡಿದ ಮುದುಕರೆಲ್ಲ ಬಂದಿದ್ದರು. ಒಬ್ಬರು ಭಾವನವರ ಕೈ ಹಿಡಿದುಕೊಂಡು, "ನಿಮ್ಮಪ್ಪ ಜೀವಮಾನದಲ್ಲಿ ಒಂದು ಹನಿ ನೀರು ಪೋಲು ಮಾಡಿದೋರಲ್ಲಪ್ಪ" ಅಂದರು.

"ಇಲ್ಲ" ಅಂದರು ಭಾವ. "ಒಂದು ಹನೀನೂ ಇಲ್ಲ."

ನಾನು ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಮಾವನವರಿಗಾಗಿ ಅಳುತ್ತಿದ್ದೇನೆ ಅಂತ ಎಲ್ಲರೂ ಅಂದುಕೊಂಡರು.