ಲಾಲ್‌ಸಾಬ್ ‘ಬೇಜಾರಿಲ್ಲ’ ಅನ್ನಲಿಲ್ಲ

ಸಮಾಧಾನ ಮಾಡಿಕೋ ಎಂದು ಯಾರೂ ಹೊಡೆದವನಿಗೆ ಹೇಳುವುದಿಲ್ಲ, ಏಟು ತಿಂದವನಿಗೇ ಹೇಳುತ್ತಾರೆ. ಇದು ನಿಮಗೆ ಗೊತ್ತು. ನೀವೂ ಹೇಳಿದ್ದೀರಿ, ನಾನೂ ಹೇಳಿದ್ದೇನೆ. ಶಾಂತಿ, ತಾಳ್ಮೆ, ನೆಮ್ಮದಿ, ಎಷ್ಟು ಬೇಕು ಇಂಥ ತಂಪು ಮಾತುಗಳು? ಹೋದ ತಿಂಗಳು ಅವನ್ನೆಲ್ಲ ಮೂಟೆ ಕಟ್ಟಿ ನ್ಯಾಮತಿಯ ಲಾಲ್‌ಸಾಬರ ಮನೆಗೆ ಹೊತ್ತೊಯ್ದರು. ಅವರು ಇಳಿಸಿಕೊಳ್ಳಲಿಲ್ಲ.

ಲಾಲ್‌ಸಾಬ್ ಹಾಸಿಗೆ ಹೊಲಿಯುವವರು. ವಯಸ್ಸು ಅರವತ್ತೊಂದು. ಅವರಪ್ಪ ಬಿಲ್ಲಿನಿಂದ ಹತ್ತಿ ಹಿಂಜುತ್ತಿದ್ದರು. ಇವರು ಲಗೇಜ್ ಆಟೋ ಮೇಲೆ ಹಿಂಜುವ ಯಂತ್ರ ಕೂರಿಸಿಕೊಂಡು ಹೊನ್ನಾಳಿ, ಚನ್ನಗಿರಿ, ನಲ್ಲೂರು ಸುತ್ತುತ್ತಾರೆ. ಹೆಂಡತಿ ಆಯಿಷಾ ಜೊತೆಗೆ ಕೂತು ಹೊಲಿಯುತ್ತಾರೆ. ಹತ್ತಿಯ ದೂಳು ಕುಡಿದು ಇಬ್ಬರಿಗೂ ಕೆಮ್ಮು. ಮನೆಯವರ ಕಣ್ಣೆದುರೇ ಹಳೇ ಹಾಸಿಗೆ ಬಿಚ್ಚಿ, ಹಿಂಜಿ, ಸಂಜೆಯೊಳಗೆ ಹೊಲಿದು ಕೊಡುತ್ತಾರೆ. ಅಪ್ಪ ಕಲಿಸಿದ ಇನ್ನೊಂದು ಪದ್ಧತಿಯೂ ಉಂಟು. ಹಿಂಜುವ ಮೊದಲು ಒಂದು ಹಿಡಿ ಹತ್ತಿ ತೆಗೆದು, ಹಳೇ ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ, ಮನೆಯ ಹೆಂಗಸಿನ ಕೈಗೆ ಕೊಡುವುದು. “ಅನುಮಾನ ಬಂದ್ರೆ ಹಾಸಿಗೆ ಬಿಚ್ರವ್ವಾ, ಇದರ ಪಕ್ಕ ಇಟ್ಟು ನೋಡ್ರಿ.”

ಮೂವತ್ತೈದು ವರ್ಷ ಯಾರೂ ಬಿಚ್ಚಿರಲಿಲ್ಲ. ಹೊನ್ನಾಳಿಯ ತಿಪ್ಪೇಶ್ ಬಿಚ್ಚಿದ.

ತಿಪ್ಪೇಶನ ತಾಯಿ ಸಾವಂತ್ರಮ್ಮ ಜಗಳೂರು ಕಡೆಯ ತವರಿನಿಂದ ಬಂದ ಹತ್ತಿಯಲ್ಲಿ ಲಾಲ್‌ಸಾಬರ ಕೈಲಿ ಹಾಸಿಗೆ ಹೊಲಿಸಿದ್ದರು. ಆಕೆ ತವರಿಗೆ ಹೋಗಿದ್ದಾಗ ತಿಪ್ಪೇಶ್ ನೆಂಟರಿಗೆ ಒಂದು ಹಾಸಿಗೆ ಹಾಸಿದ. ಕೈಯಾಡಿಸಿದರೆ ಒಳಗೆ ಗಂಟುಗಂಟು. ಕತ್ತರಿ ಹಾಕಿದ, ಒಳಗೆಲ್ಲ ಬಣ್ಣಬಣ್ಣದ ಚಿಂದಿ. ಅಮ್ಮನಿಗೆ ಒಂದು ಫೋನ್ ಮಾಡಿ ಕೇಳಲಿಲ್ಲ. ಫೋಟೋ ತೆಗೆದು ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿ, ತನ್ನ ದನಿಯನ್ನೂ ರೆಕಾರ್ಡ್ ಮಾಡಿ ಸೇರಿಸಿದ: “ನ್ಯಾಮತಿ ಹಾಸಿಗೆ ಸಾಬ ನಮ್ ಹತ್ತಿ ಕದ್ದು ಚಿಂದಿ ತುಂಬವ್ನೆ. ಇಂಥೋರ್ನ ಬಾಗ್ಲಿಗೆ ಸೇರಿಸ್ಬ್ಯಾಡ್ರಿ!”

ಅಲ್ಲಿಂದ ಅದು ಇನ್ನೊಂದು ಗ್ರೂಪಿಗೆ, ಅಲ್ಲಿಂದ ಚನ್ನಗಿರಿಗೆ. ಎರಡನೇ ದಿನ ನಲ್ಲೂರಿನಲ್ಲಿ ಒಬ್ಬಾಕೆ ಅರ್ಧ ಬಿಚ್ಚಿದ್ದ ಹಾಸಿಗೆಯನ್ನು ಲಾಲ್‌ಸಾಬರ ಮುಂದಿಂದ ಎತ್ತಿಕೊಂಡರು. “ನಮ್ ಮನೆಯವ್ರು ಬ್ಯಾಡ ಅಂತಾರೆ.” ಹತ್ತಿ ಬೀದಿಯುದ್ದಕ್ಕೂ ಉದುರುತ್ತ ಹೋಯಿತು.

ಲಾಲ್‌ಸಾಬ್ ನೆಟ್ಟಗೆ ತಿಪ್ಪೇಶನ ಬಾಗಿಲಿಗೆ ಹೋದರು. “ನಿಮ್ಮವ್ವಾರಿಗೆ ಗಂಟು ಕೊಟ್ಟೀನಿ, ತೆಗೀರಿ. ಎರಡೂ ಇಟ್ಟು ನೋಡಾನ.”

“ಗಂಟೂ ಇಲ್ಲ ಗಿಂಟೂ ಇಲ್ಲ, ಹೋಗಯ್ಯ.”

ಹತ್ತು ದಿನಕ್ಕೆ ಸಾವಂತ್ರಮ್ಮ ವಾಪಸ್ ಬಂದರು. ಕತ್ತರಿಸಿದ ಹಾಸಿಗೆ ನೋಡಿ ತಲೆ ಚಚ್ಚಿಕೊಂಡರು. “ಇದು ನೀನು ಶಿವಮೊಗ್ಗದಾಗೆ ಅಗ್ಗಕ್ಕೆ ತಂದಿದ್ದಲ್ವೇನೋ ಮುಂಡೇದೆ! ಸಾಬ್ರು ಹೊಲಿದಿದ್ದು ನನ್ ಮಂಚದ ಮ್ಯಾಲೈತೆ.” ಎರಡಕ್ಕೂ ನೀಲಿ ಪಟ್ಟೆಯ ಬಟ್ಟೆ. ಟ್ರಂಕಿನಿಂದ ಗಂಟು ತೆಗೆದರು, ಮಂಚದ ಹಾಸಿಗೆಯ ಮೂಲೆ ಬಿಚ್ಚಿದರು. ಅದೇ ಹತ್ತಿ, ಅದೇ ಬೀಜದ ಸಿಪ್ಪೆಯ ಚೂರು. ಆಕೆಯೇ ಲಾಲ್‌ಸಾಬರಿಗೆ ಫೋನ್ ಮಾಡಿ ಹೇಳಿದರು.

ತಿಪ್ಪೇಶ್ ಆ ದನಿಯನ್ನು ತನ್ನ ಫೋನಿನಿಂದ ಅಳಿಸಿದ. ಉಳಿದವರ ಫೋನಿನಲ್ಲಿ ಅದು ಹಾಗೇ ಇತ್ತು. ಆಮೇಲೆ, ಊರ ಜಗಳ ತೀರಿಸುವ ಗೋಣೆಪ್ಪನವರನ್ನು ಕರೆದುಕೊಂಡು, ಒಂದು ಚೀಲ ಹಣ್ಣು ಹಿಡಿದು ನ್ಯಾಮತಿಗೆ ಬಂದ.

“ಲಾಲ್‌ಸಾಬ್ರೆ, ಹುಡುಗ ತಿಳೀದೆ ಮಾಡವ್ನೆ. ಸಮಾಧಾನ ಮಾಡ್ಕಳ್ರಿ,” ಅಂದರು ಗೋಣೆಪ್ಪ.

“ಹುಡುಗಾನಾ? ಮೀಸೆ ನನ್ ಹತ್ತಿಗಿಂತ ಬೆಳ್ಳಗೈತೆ.”

ಆಯಿಷಾ ನಗು ತಡೆಯಲಾಗದೆ ಕೆಮ್ಮಿದರು.

“ತಮಾಷೆ ಇರ್ಲಿ. ಬೇಜಾರಿಲ್ಲ ಅಂತ ಒಂದ್ ಮಾತು ಅನ್ರಿ, ಮುಗೀತು.”

“ಬೇಜಾರೈತಲ್ರೀ. ಇಲ್ಲ ಅಂತ ಹೆಂಗನ್ಲಿ?”

“ದೊಡ್ಡ ಮನಸ್ ಮಾಡ್ರಿ. ಈ ವಯಸ್ನಾಗೆ ನೆಮ್ದಿ ಮುಖ್ಯ.”

“ಗೋಣೆಪ್ಪಾರೆ, ನನ್ ಮನೇಗ್ ಬಂದು ಪಿಸುಗುಟ್ಟಾಕೆ ಬರ್ತೈತೆ, ಗ್ರೂಪ್ನಾಗೆ ಹೇಳಾಕೆ ಬರಲ್ವಾ? ಯಾವ ಬಾಯಾಗೆ ಕಳ್ಳ ಅಂದ್ನೋ ಅದೇ ಬಾಯಾಗೆ ಹೇಳ್ಲಿ. ‘ಲಾಲ್‌ಸಾಬ್ ಕದ್ದಿಲ್ಲ, ಹಾಸಿಗೆ ಗುರ್ತು ಹಿಡೀದೆ ನಾನೇ ಬೊಗಳ್ದೆ’ ಅಂತ. ಅವತ್ತು ಕರೀರಿ, ನಿಮ್ ಮನೆ ಚಾ ನಾನೇ ಕೇಳಿ ಕುಡೀತೀನಿ.”

ತಿಪ್ಪೇಶ್ ಮೊದಲ ಸಲ ಬಾಯಿ ಬಿಟ್ಟ. “ಅದ್ರಾಗೆ ನಮ್ ಬೀಗ್ರೆಲ್ಲ ಅದಾರೆ ಸಾಬ್ರೆ. ಮರ್ಯಾದೆ ಪ್ರಶ್ನೆ.”

“ನಂದೂ ಅದೇ ಪ್ರಶ್ನೆ ಕಣಪ್ಪ.”

ಆಯಿಷಾ ಎದ್ದು ಹಣ್ಣಿನ ಚೀಲವನ್ನು ತಿಪ್ಪೇಶನ ಕೈಗೇ ಇಟ್ಟರು. “ತಗಳಣ್ಣ, ಬಸ್ನಾಗೆ ತಿನ್ನಾಕೆ ಆಗ್ತವೆ.”

ಸಾಬನಿಗೆ ಸೊಕ್ಕು ಎಂದು ಗೋಣೆಪ್ಪ ಈಗ ಊರೆಲ್ಲ ಹೇಳುತ್ತಿದ್ದಾರೆ. ನೋಡಿ ನಮ್ಮ ನ್ಯಾಯ! ಸುಳ್ಳು ಹೇಳಿದವನಿಗೆ ‘ತಿಳೀದೆ ಮಾಡಿದ’ ಎಂಬ ರಿಯಾಯಿತಿ, ನೊಂದೆ ಅಂದವನಿಗೆ ಸೊಕ್ಕಿನ ಪಟ್ಟ. ಬಡವ ನಕ್ಕು ತಲೆಯಾಡಿಸಿದರೆ ಅದಕ್ಕೆ ಶಾಂತಿ ಎಂದು ಹೆಸರಿಟ್ಟು ನಾವೆಲ್ಲ ಆರಾಮಾಗಿ ಮಲಗುತ್ತೇವೆ.

ಲಾಲ್‌ಸಾಬ್ ಸುಮ್ಮನೆ ಮನೆಯಲ್ಲಿ ಕೂತಿಲ್ಲ. ಗಿರಾಕಿ ಇಲ್ಲದಿದ್ದರೂ ದಿನಾ ಬೆಳಗ್ಗೆ ತಿಪ್ಪೇಶನ ಬೀದಿಗೇ ಬಂದು ಆಟೋ ನಿಲ್ಲಿಸುತ್ತಾರೆ. ತಮ್ಮ ಮನೆಯ ಹಾಸಿಗೆಯನ್ನೇ ತಂದು ಬಿಚ್ಚಿ ಹಿಂಜುತ್ತಾರೆ, ಮತ್ತೆ ಹೊಲಿಯುತ್ತಾರೆ. ಸಾವಂತ್ರಮ್ಮ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಾರೆ. ಮೊನ್ನೆ ಮಗ ಕಿಟಕಿಯಿಂದ ಕೂಗಿದ, “ಅವ್ವಾ, ಒಳಗ್ ಬಾ.”

“ನೀನು ಹೊರಗ್ ಬಾ,” ಅಂದರು ಆಕೆ.

ಅವನು ಬರಲಿಲ್ಲ. ಇವತ್ತಿನವರೆಗೂ ಗ್ರೂಪಿನಲ್ಲಿ ಒಂದಕ್ಷರ ಹಾಕಿಲ್ಲ. ಆದರೆ ಆ ದನಿ ತಿಪ್ಪೇಶನೊಬ್ಬನ ಕಾಲಿನಿಂದ ಚನ್ನಗಿರಿಗೆ ನಡೆದು ಹೋಗಿಲ್ಲ. ಕೇಳಿದವರು ನೀವು, ಮುಂದಕ್ಕೆ ಕಳಿಸಿದವರು ನೀವು. ಅವನಿಗಾಗಿ ಕಾಯಬೇಡಿ. ಎಲ್ಲೆಲ್ಲಿಗೆ ಕಳಿಸಿದ್ದಿರೋ ಅಲ್ಲಲ್ಲಿಗೆ, ಇವತ್ತೇ, ನಿಮ್ಮದೇ ದನಿಯಲ್ಲಿ ಹೇಳಿ: ನ್ಯಾಮತಿಯ ಲಾಲ್‌ಸಾಬ್ ಕದ್ದಿಲ್ಲ, ನಾನು ವಿಚಾರಿಸದೆ ನಂಬಿದೆ.